ನೀರು ಮಾಗುವ ತನಕ

ಜೀವವೊಂದನ್ನು ಮನೆಗೆ ತರುವುದು ಸುಲಭ. ಅದಕ್ಕೆ ತಕ್ಕ ನೆಲೆಯನ್ನು ಒದಗಿಸುವುದು ಕಠಿಣ. ಆಕಳಿಗೆ ಕೊಟ್ಟಿಗೆ, ಗಿಳಿಗೆ ಪಂಜರ, ಮೀನಿಗೆ ಗಾಜಿನ ತೊಟ್ಟಿ ಎಂದು ಮನುಷ್ಯನು ತನ್ನ ಅನುಕೂಲಕ್ಕೆ ತಕ್ಕಂತೆ ಅಳತೆ ಹಾಕಿಕೊಂಡಿದ್ದಾನೆ. ಆ ಅಳತೆ ಕಿರಿದಾಯಿತೆಂದು ಆಕಳು ಕೂಗಿ ಹೇಳಬಲ್ಲದು, ಗಿಳಿ ರೆಕ್ಕೆ ಬಡಿದು ತೋರಿಸಬಲ್ಲದು. ಮೀನಿಗೆ ದನಿಯಿಲ್ಲ. ಅದರ ಸಂಕಟವನ್ನು ನೋಡಿಯೇ ತಿಳಿಯಬೇಕು.

ಧಾರವಾಡದ ಒಂದು ಮನೆಯಲ್ಲಿ ಈ ನೋಡುವ ಕೆಲಸವನ್ನು ಮಾಡಿದವಳು ಹತ್ತು ವರ್ಷದ ಬಾಲಕಿ. ಆಕೆಯ ಅಜ್ಜನವರು ನಿವೃತ್ತ ವಿಜ್ಞಾನ ಶಿಕ್ಷಕರು. ಪಡಸಾಲೆಯ ಮೂಲೆಯಲ್ಲಿದ್ದ 45 ಸೆಂಟಿಮೀಟರ್ ಉದ್ದದ ತೊಟ್ಟಿಯಲ್ಲಿ ಮೂರು ಹೊಂಬಣ್ಣದ ಮೀನುಗಳಿದ್ದವು. ತಂದಾಗ ಬೆರಳ ಗಾತ್ರದವು. ಎರಡು ವರ್ಷಗಳಲ್ಲಿ ಗೇಣುದ್ದ ಸಮೀಪಿಸಿದವು. ಬೆಳಗಿನ ಹೊತ್ತು ಅವು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುವುದನ್ನು ಬಾಲಕಿ ಕಂಡಳು. ‘ಅಜ್ಜಾ, ಇವು ಏನೋ ಕೇಳಾಕತ್ತಾವ’ ಎಂದಳು. ಅವು ಕೇಳುತ್ತಿದ್ದುದು ಉಸಿರನ್ನು.

ಈ ಮೀನಿನ ಚರಿತ್ರೆಯನ್ನು ಸ್ವಲ್ಪ ಗಮನಿಸಬೇಕು. ಗೋಲ್ಡ್ ಫಿಶ್ ಎಂದು ಎಲ್ಲರೂ ಕರೆಯುವ ಈ ಜಾತಿಯನ್ನು ಚೀನಾ ದೇಶದವರು ಸಾವಿರ ವರ್ಷಗಳ ಹಿಂದೆಯೇ ಕೊಳಗಳಲ್ಲಿ ಸಾಕಿ, ಬಣ್ಣಕ್ಕಾಗಿ ಆಯ್ದು ಬೆಳೆಸಿದರು. ಇದು ಕೊಳದ ಜೀವಿ, ಬಟ್ಟಲಿನ ಜೀವಿಯಲ್ಲ. ಸರಿಯಾಗಿ ಸಾಕಿದರೆ ಹತ್ತು ಇಪ್ಪತ್ತು ವರ್ಷ ಬಾಳುತ್ತದೆ. ಇಂಗ್ಲೆಂಡಿನ ಒಂದು ಮನೆಯಲ್ಲಿ ಟಿಶ್ ಎಂಬ ಮೀನು 43 ವರ್ಷ ಬದುಕಿ 1999ರಲ್ಲಿ ತೀರಿಕೊಂಡಿತು. ಗಾಜಿನ ಬಟ್ಟಲಿನಲ್ಲಿ ಕೆಲವೇ ತಿಂಗಳಲ್ಲಿ ಸಾಯುವ ಮೀನನ್ನು ಕಂಡು ‘ಇದರ ಆಯುಷ್ಯವೇ ಇಷ್ಟು’ ಎನ್ನುವುದು ಸರಿಯಲ್ಲ. ಅದು ಆ ಬಟ್ಟಲಿನ ಆಯುಷ್ಯ.

ದೊಡ್ಡ ತೊಟ್ಟಿ ಬಂದಿತು. 90 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರ. ಅಜ್ಜನವರು ಮೊಮ್ಮಗಳಿಂದಲೇ ಲೆಕ್ಕ ಮಾಡಿಸಿದರು: ತುಂಬಿದರೆ 144 ಲೀಟರ್, ಮೇಲೆ ಐದು ಸೆಂಟಿಮೀಟರ್ ಬಿಟ್ಟರೆ 126 ಲೀಟರ್. ಹಳೆಯದು ತುಂಬಿದರೂ 28 ಲೀಟರ್ ಹಿಡಿಯುತ್ತಿತ್ತು. ನೀರು, ಗಾಜು, ಕಲ್ಲುಹರಳು ಸೇರಿದರೆ ಭಾರ ಒಂದೂವರೆ ಕ್ವಿಂಟಲ್ ಮೀರುತ್ತದೆ. ಆದುದರಿಂದ ಮೊದಲು ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಥರ್ಮೋಕೋಲ್ ಹಾಳೆ, ಅದರ ಮೇಲೆ ತೊಟ್ಟಿ. ಹಲಗೆಯಲ್ಲಿ ಒಂದು ಸಣ್ಣ ಉಬ್ಬಿದ್ದರೂ ಆ ಭಾರಕ್ಕೆ ಗಾಜು ಸೀಳುತ್ತದೆ.

ನಳದ ನೀರು ತುಂಬಿಸಿದಾಗ ತೊಟ್ಟಿ ಸ್ಫಟಿಕದಂತೆ ಹೊಳೆಯಿತು. ‘ಅಜ್ಜಾ, ಇವತ್ತ ಬಿಡೂಣಲ್ಲಾ?’ ಎಂದು ಬಾಲಕಿ ಕೇಳಿದಳು. ‘ಇಲ್ಲವ್ವಾ. ನೀರು ನೋಡಾಕ ಛಲೋ ಐತಿ, ಆದ್ರ ಇನ್ನೂ ಮಾಗಿಲ್ಲ’ ಎಂದರು ಅಜ್ಜನವರು.

ನೀರು ಮಾಗುವುದೆಂದರೇನು? ಸ್ವಚ್ಛವಾದ ನೀರಿಗೆ ಇನ್ನೇನು ಕೊರತೆ? ಈ ಪ್ರಶ್ನೆ ಯಾರಲ್ಲಿಯೂ ಏಳುವಂಥದು. ಮೊದಲನೆಯದಾಗಿ, ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ ಮನುಷ್ಯನನ್ನು ರೋಗದಿಂದ ಕಾಯುತ್ತದೆ. ಮೀನಿನ ಕಿವಿರನ್ನು ಮಾತ್ರ ಸುಡುತ್ತದೆ. ಬಾಯಿ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಸೋಡಿಯಂ ಥಯೋಸಲ್ಫೇಟ್ ಇರುವ ಹನಿಗಳನ್ನು ಹಾಕಿದರೆ ಕೂಡಲೇ ಅಡಗುತ್ತದೆ. ಆದರೆ ಮುಖ್ಯವಾದುದು ಎರಡನೆಯದು. ಮೀನು ತನ್ನ ದೇಹದ ಕಲ್ಮಶವನ್ನು ಅಮೋನಿಯಾ ರೂಪದಲ್ಲಿ ಕಿವಿರಿನ ಮೂಲಕ ನೀರಿಗೇ ಬಿಡುತ್ತದೆ. ಉಂಡ ನೀರಿನಲ್ಲೇ ಉಸಿರಾಟ, ಅದರಲ್ಲೇ ವಿಸರ್ಜನೆ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ, ತೊಟ್ಟಿಯಲ್ಲಿ ಉಳಿದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಈ ವಿಷವನ್ನು ತಿಂದು ಕರಗಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟಾಗಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿಸುತ್ತವೆ. ಅದು ಬಹಳ ಸೌಮ್ಯ, ಗಿಡಗಳಿಗೆ ಗೊಬ್ಬರ. ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್ಸ್ಕಿಯವರು 1890ರ ಸುಮಾರಿಗೆ ಮಣ್ಣಿನಲ್ಲಿ ಗುರುತಿಸಿದ ಕ್ರಿಯೆಯೇ ಇದು. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ನೆರೆಮನೆಯವರು ಒಂದು ಉಪಾಯ ಹೇಳಿದರು: ಹಳೆಯ ನೀರನ್ನೇ ಹೊಸ ತೊಟ್ಟಿಗೆ ಸುರಿದರಾಯಿತಲ್ಲ? ಉಪಾಯ ಸರಿಯೆಂದು ತೋರಿದರೂ ಫಲ ಕಡಿಮೆ. ಆ ಜೀವಿಗಳು ನೀರಿನಲ್ಲಿ ತೇಲುವುದು ತೀರ ಸ್ವಲ್ಪ. ಅವು ಫಿಲ್ಟರಿನ ಸ್ಪಂಜನ್ನು, ಕಲ್ಲುಹರಳನ್ನು ಅಪ್ಪಿಕೊಂಡು ಬಾಳುತ್ತವೆ. ಒಯ್ಯಬೇಕಾದುದು ಸ್ಪಂಜನ್ನು. ಆದರೆ ಇದ್ದ ಒಂದೇ ಸ್ಪಂಜನ್ನು ಈಗಲೇ ಕಿತ್ತರೆ ಹಳೆಯ ತೊಟ್ಟಿಯ ಮೀನುಗಳ ಗತಿಯೇನು? ಅಜ್ಜನವರು ಹೊಸ ಫಿಲ್ಟರಿನ ಸ್ಪಂಜನ್ನು ತಂದು ಹಳೆಯ ತೊಟ್ಟಿಯಲ್ಲಿ, ಹಳೆಯ ಸ್ಪಂಜಿನ ಪಕ್ಕದಲ್ಲಿಯೇ ಇಟ್ಟರು. ಹೆಪ್ಪು ಹಾಕಿದ ಹಾಲು ಮೊಸರಾಗುವಂತೆ ಹಳೆಯದರಿಂದ ಹೊಸದಕ್ಕೆ ಜೀವ ಹರಡಲಿ ಎಂಬುದು ಅವರ ಎಣಿಕೆ. ನಾಲ್ಕು ವಾರದ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು.

ಕಾಯುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ದಿನ ಬಿಟ್ಟು ದಿನ ಐದನೆಯ ಒಂದು ಪಾಲು ನೀರನ್ನು ಮಾತ್ರ ಬದಲಿಸಿದರು, ಆಹಾರವನ್ನು ಅರ್ಧಕ್ಕಿಳಿಸಿದರು. ಎಲ್ಲ ನೀರನ್ನು ಒಮ್ಮೆಗೇ ಏಕೆ ಬದಲಿಸಲಿಲ್ಲ? ಇಲ್ಲಿ ಒಂದು ಸೂಕ್ಷ್ಮವಿದೆ. ಕಿಕ್ಕಿರಿದ ಹಳೆಯ ತೊಟ್ಟಿಯ ನೀರು ಕಾಲಕ್ರಮೇಣ ಹುಳಿಯ ಗುಣ ಪಡೆಯುತ್ತದೆ. ಆ ಹುಳಿಯಲ್ಲಿ ಅಮೋನಿಯಾ ಹೆಚ್ಚು ಬಾಧಿಸದ ರೂಪದಲ್ಲಿ ಅಡಗಿರುತ್ತದೆ. ಅದಕ್ಕೆ ಏಕಾಏಕಿ ಕ್ಷಾರಗುಣದ ಹೊಸ ನೀರು ಸುರಿದರೆ ಅಡಗಿದ್ದ ವಿಷ ತನ್ನ ಉಗ್ರ ರೂಪವನ್ನು ತಾಳುತ್ತದೆ. ಕೆಟ್ಟ ನೀರಿನಲ್ಲಿ ತಿಂಗಳುಗಟ್ಟಲೆ ತಾಳಿದ ಮೀನು ಒಳ್ಳೆಯ ನೀರು ಬಿದ್ದ ದಿನವೇ ಸಾಯುವುದು ಹೀಗೆ. ಒಳಿತನ್ನೂ ಜೀವ ತಾಳುವ ಅಳತೆಯಲ್ಲಿಯೇ ಕೊಡಬೇಕಾಗುತ್ತದೆ.

ಇಷ್ಟಾಗಿಯೂ ಎರಡನೆಯ ವಾರದ ಕೊನೆಯಲ್ಲಿ ಮೂರರಲ್ಲಿ ಕಿರಿಯ ಮೀನು ಸತ್ತಿತು. ದಾಸವಾಳದ ಬುಡದಲ್ಲಿ ಅದನ್ನು ಮಣ್ಣು ಮಾಡಿದರು. ಬಾಲಕಿ ಅಳಲಿಲ್ಲ, ನೀರು ತುಂಬಿ ಖಾಲಿಯಾಗಿ ನಿಂತಿದ್ದ ದೊಡ್ಡ ತೊಟ್ಟಿಯನ್ನು ನೋಡಿ ಕೇಳಿದಳು: ‘ಅವತ್ತ ಬಿಟ್ಟಿದ್ರ ಇದು ಬದುಕತಿತ್ತೇನಜ್ಜಾ?’

ಮೂವತ್ತು ವರ್ಷ ಪಾಠ ಹೇಳಿದ ಹಿರಿಯರಿಗೆ ಉತ್ತರ ಕೂಡಲೇ ಹೊರಡಲಿಲ್ಲ. ‘ಗೊತ್ತಿಲ್ಲವ್ವಾ. ಬದುಕತಿತ್ತೋ ಏನೋ. ಇಲ್ಲಾಂದ್ರ ಮೂರೂ ಹೋಗತಿದ್ವೋ ಏನೋ’ ಎಂದರು. ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಳ್ಳಲು ಅವರು ವಿಜ್ಞಾನವನ್ನು ಮುಂದೆ ಮಾಡಲಿಲ್ಲ. ಕಾಯುವುದಕ್ಕೂ ಬೆಲೆಯಿದೆ, ಆತುರಕ್ಕೂ ಬೆಲೆಯಿದೆ. ಎರಡರ ಬೆಲೆಯನ್ನೂ ತೆರುವುದು ಮಾತು ಬಾರದ ಜೀವ. ಆ ಸಂಜೆಯಿಂದ ನೀರು ಬದಲಿಸುವ ಕೆಲಸವನ್ನು ಬಾಲಕಿ ತಾನೇ ವಹಿಸಿಕೊಂಡಳು.

ನಾಲ್ಕು ವಾರ ಕಳೆದ ಮೇಲಿನ ಭಾನುವಾರ ಸ್ಥಳಾಂತರ ನಡೆಯಿತು. ಕಿಟಕಿಯ ಪರದೆ ಎಳೆದು, ದೀಪವಾರಿಸಿ, ಹಳೆಯ ತೊಟ್ಟಿಯ ನೀರಿನ ಅರ್ಧವನ್ನು ಸೋಪು ಮುಟ್ಟದ ಬಕೀಟಿಗೆ ತೆಗೆದರು. ಬಲೆಯಲ್ಲಿ ಎತ್ತಿದರೆ ಪೊರೆ ಉದುರುವ, ರೆಕ್ಕೆ ಹರಿಯುವ ಭಯ. ಆದುದರಿಂದ ಅಗಲ ಬಾಯಿಯ ಡಬ್ಬಿಯನ್ನು ಮುಳುಗಿಸಿ ನೀರಿನ ಸಮೇತ ಮೀನನ್ನು ಎತ್ತಿದರು. ಬಕೀಟಿಗೆ ಐದು ನಿಮಿಷಕ್ಕೊಮ್ಮೆ ಹೊಸ ತೊಟ್ಟಿಯ ಒಂದು ಲೋಟ ನೀರು. ಹೀಗೆ ಒಂದು ತಾಸು. ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿನ ನೀರಿಗಿಂತ ಲವಣ ಹೆಚ್ಚು. ನೀರು ಸದಾ ಒಳಗೆ ನುಗ್ಗುತ್ತದೆ, ಮೀನು ಸದಾ ಅದನ್ನು ಹೊರಹಾಕುತ್ತದೆ. ಹೊರಗಿನ ನೀರಿನ ಗುಣ ಬದಲಾದಾಗ ಈ ತೂಕವನ್ನು ಅದು ಮತ್ತೆ ಹೊಂದಿಸಿಕೊಳ್ಳಬೇಕು. ಆ ಒಂದು ತಾಸು ಅದಕ್ಕಾಗಿ.

ಅಷ್ಟರಲ್ಲಿ ಎರಡೂ ಸ್ಪಂಜುಗಳನ್ನು ಒಣಗಗೊಡದೆ, ನಳದ ನೀರು ತಾಗಿಸದೆ ಹೊಸ ತೊಟ್ಟಿಗೆ ಜೋಡಿಸಿದ್ದಾಯಿತು. ಬಳಿಕ ಮೀನುಗಳನ್ನು ಬಿಟ್ಟರು. ಬಕೀಟಿನ ಹಳೆಯ ನೀರನ್ನು ತೊಟ್ಟಿಗೆ ಸುರಿಯದೆ ಕರಿಬೇವಿನ ಬುಡಕ್ಕೆ ಹಾಕಿದರು. ಅಂದು ಆಹಾರವಿಲ್ಲ, ದೀಪವಿಲ್ಲ. ಮೀನುಗಳು ಬಹಳ ಹೊತ್ತು ಒಂದು ಮೂಲೆಯಲ್ಲಿಯೇ ನಿಂತವು. ಮರುದಿನ ಬೆಳಿಗ್ಗೆ ಒಂದು ಮೀನು ತೊಟ್ಟಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಮೇಲ್ಮೈಯಲ್ಲಿ ಬಾಯಿ ತೆರೆಯುವುದು ನಿಂತಿತ್ತು.

ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಮುಂದಿನ ಎರಡು ವಾರ ಅಮೋನಿಯಾ, ನೈಟ್ರೈಟುಗಳನ್ನು ಹನಿಪರೀಕ್ಷೆಯಿಂದ ನೋಡುತ್ತಿರಬೇಕು, ಎರಡೂ ಶೂನ್ಯವಿರಬೇಕು. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಸ್ಪಂಜನ್ನು ತೊಳೆಯುವುದಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ಮನೆ ಹಿರಿದಾಯಿತೆಂದು ಹೊಸ ಮೀನುಗಳನ್ನು ತಂದು ತುಂಬಿದರೆ ಅದು ಮತ್ತೆ ಕಿರಿದಾಗುತ್ತದೆ. ಸಾಕಲಾಗದೆ ಕೆರೆಗೆ ಬಿಡುವುದೂ ದಯೆಯಲ್ಲ. ಪರದೇಶದ ಮೀನುಗಳು ಇಲ್ಲಿಯ ಕೆರೆಯ ಮೀನುಗಳ ಅನ್ನವನ್ನೂ ನೆಲೆಯನ್ನೂ ಕಸಿಯುತ್ತವೆ. ಸಾಕಬಲ್ಲವರ ಕೈಗೆ ಒಪ್ಪಿಸುವುದೇ ಲೇಸು.

ದಯೆ ಎಂಬುದು ಮನಸ್ಸು ಕರಗಿದ ಕ್ಷಣದಲ್ಲಿ ಹುಟ್ಟುತ್ತದೆ, ನಿಜ. ಆದರೆ ಅದು ಬಾಳುವುದು ದಿನ ಬಿಟ್ಟು ದಿನ ಎತ್ತುವ ಬಕೀಟಿನಲ್ಲಿ. ಸಾಕಿದ ಜೀವಕ್ಕೆ ಹಿರಿದಾದ ನೆಲೆ ಕೊಡಬೇಕೆನ್ನುವವರು ತೊಟ್ಟಿಯನ್ನು ಕೊಳ್ಳುವ ಮೊದಲು ನಾಲ್ಕು ವಾರದ ಸಹನೆಯನ್ನು ಕೂಡಿಸಿಕೊಳ್ಳಲಿ.