ಮಾವನ ಸುಳ್ಳು

ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಆದುದರಿಂದ ಸೋದರಮಾವನ ಮೇಲೆ ಬಂದ ಸಿಟ್ಟನ್ನು ವಾಚಕರು ಮನ್ನಿಸಬೇಕು.

ಮಾವ ಹಿಪ್ಪುನೇರಳೆ ತೋಟವನ್ನು ಮಾರಿ ಬಿಡದಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದನ್ನು ಸೇರಿದವರು. ರಾತ್ರಿಪಾಳಿ ಮುಗಿಸಿ ಬಂದರೆ ಹಗಲಲ್ಲಿ ನಿದ್ದೆ ಬಾರದು. ನಿದ್ದೆಗೆಂದು ಹಿಡಿದ ಕುಡಿತ ಬರಬರುತ್ತ ಊಟವನ್ನೂ ಬಿಡಿಸಿತು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿಯನ್ನು ನಿಷೇಧಿಸಿದಾಗ ಅತ್ತೆ ತುಪ್ಪದ ದೀಪ ಹಚ್ಚಿದ್ದರಂತೆ. ಮಾವ ಅಗ್ಗದ ವಿಸ್ಕಿಗೆ ತಿರುಗಿದರು, ಅಷ್ಟೆ!

ಕಳೆದ ವರ್ಷ, ಕುಡಿಯದ ದಿನವೂ ಅವರ ಕಾಲು ತೂರಾಡತೊಡಗಿತು. "ಬೆಳಗ್ಗೆ ಏನು ತಿಂದಿರಿ ಮಾವ?" ಎಂದರೆ, "ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಬಂದೆ" ಎಂದರು. ತೋಟ ಹೋಗಿ ಇಪ್ಪತ್ತು ವರ್ಷವಾಗಿತ್ತು. ಅಂದು ಅವರು ಹಾಸಿಗೆಯನ್ನೇ ಬಿಟ್ಟಿರಲಿಲ್ಲ. ನೆಂಟರೆದುರಿಗೇ "ಸುಳ್ಳುಗಾರ" ಎಂದುಬಿಟ್ಟೆ. ಮಾವ ಪೆಚ್ಚಾಗಿ ನನ್ನ ಮುಖ ನೋಡಿದರು.

ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಬೇರೆಯೇ ಮಾತು ಹೇಳಿದರು. ಕುಡುಕನಿಗೆ ಊಟ ಸೇರದು. ತಿಂದುದರಲ್ಲಿರುವ ಥಯಾಮಿನ್ ಎಂಬ ಜೀವಸತ್ವವನ್ನೂ ಮದ್ಯವು ಕರುಳಿಗೆ ಸರಿಯಾಗಿ ಹೀರಗೊಡದು. ಅದಿಲ್ಲದೆ ಮಿದುಳು ಸಕ್ಕರೆಯನ್ನು ಉರಿಸಿ ಶಕ್ತಿ ಪಡೆಯಲಾರದು. ನೆನಪನ್ನು ಕಟ್ಟುವ ಒಳಭಾಗಗಳು ಸಾಯುತ್ತವೆ. ಹೊಸತು ನಿಲ್ಲದು, ಹಳೆಯದು ಉಳಿದಿರುತ್ತದೆ. ನಡುವಿನ ತೆರಪನ್ನು ಮಿದುಳು ಹಳೆಯ ಚಿಂದಿಗಳಿಂದ ತಾನೇ ಹೊಲಿಯುತ್ತದೆ. ಹೇಳುವವನಿಗೆ ಅದು ಸತ್ಯವೇ. ರಷ್ಯದ ಕೊರ್ಸಕೊಫ್ ಇದನ್ನು 1887ರಲ್ಲಿಯೇ ವರ್ಣಿಸಿದ್ದನು. ಮೊದಲೇ ಥಯಾಮಿನ್ ಸೂಜಿಮದ್ದು ಕೊಟ್ಟಿದ್ದರೆ ಬಹಳಷ್ಟು ಉಳಿಯುತ್ತಿತ್ತು. ತೂರಾಟವನ್ನು ನಾವು ಅಮಲೆಂದೇ ತಿಳಿದು ತಿಂಗಳುಗಳನ್ನು ಕಳೆದೆವು.

ಊರಿಗೆ ಹೋದಾಗ ಮಾವನ ಕೈಹಿಡಿದು ಕ್ಷಮೆ ಕೇಳಿದೆ.

"ಯಾತಕ್ಕಪ್ಪಾ?" ಎಂದರು. ಅವರಿಗೆ ನೆನಪಿರಲಿಲ್ಲ.