ಗಂಟೆ ಹೊಡೆದರೆ ನಿದ್ದೆ

ಕ್ಲಾಸಿನಲ್ಲಿ ತೂಕಡಿಸುವ ಹುಡುಗನ ಮೇಲೆ ಸೀಮೆಸುಣ್ಣದ ತುಂಡು ಎಸೆಯುವುದು ನಮ್ಮ ಕಡೆ ಮೇಷ್ಟ್ರುಗಳ ಪಿತ್ರಾರ್ಜಿತ ಹಕ್ಕು. ತಿಪಟೂರಿನಲ್ಲಿ ಪಾಠ ಮಾಡುತ್ತಿದ್ದ ಕಾಲಕ್ಕೆ ನನ್ನ ಗುರಿಯೂ ತಕ್ಕಮಟ್ಟಿಗೆ ಚೆನ್ನಾಗಿತ್ತು. ಚೀನಾದ ನಾನ್‌ಜಿಂಗಿಗೆ ಬಂದ ಮೇಲೆ ಆ ವಿದ್ಯೆಗೆ ತುಕ್ಕು ಹಿಡಿಯಿತು. ಇಲ್ಲಿಯ ಹೈಸ್ಕೂಲುಗಳಲ್ಲಿ ನಿದ್ದೆಗೂ ಒಂದು ಪೀರಿಯಡ್ ಇದೆ. ಟೈಮ್ ಟೇಬಲಿನಲ್ಲಿ ಅಚ್ಚಾಗಿದೆ, ಶುರುವಾಗಲು ಗಂಟೆ ಹೊಡೆಯುತ್ತದೆ, ಮುಗಿಯಲೂ ಹೊಡೆಯುತ್ತದೆ.

ಹನ್ನೆರಡಕ್ಕೆ ಮೊದಲೇ ಊಟ. ಹನ್ನೆರಡೂವರೆಗೆ ಕ್ಲಾಸ್ ಲೀಡರ್ ಎದ್ದು ಪರದೆ ಎಳೆದು ದೀಪ ಆರಿಸುತ್ತಾನೆ. ಮಕ್ಕಳು ಡೆಸ್ಕಿನೊಳಗಿಂದ ಪುಟ್ಟ ದಿಂಬು ತೆಗೆದು, ಅದರ ಮೇಲೆ ಕೆನ್ನೆಯಿಟ್ಟು, ಒಂದೇ ಏಟಿಗೆ ಮಲಗಿಬಿಡುತ್ತಾರೆ. ದಿಂಬುಗಳಲ್ಲೂ ಬಗೆಬಗೆ: ಕೈ ತೂರಿಸಲು ತೂತು ಇರುವುದು, ಪಾಂಡಾ ಮುಖದ್ದು, ಬಿಚ್ಚಿದರೆ ಹೊದಿಕೆಯೂ ಆಗುವುದು. ಕೆಲವು ಶಾಲೆಗಳಲ್ಲಿ ಹಿಂದಕ್ಕೆ ಚಾಚಿ ಮಲಗುವಂಥ ಕುರ್ಚಿಗಳೇ ಬಂದಿವೆ. ನಮ್ಮಲ್ಲಿ ಇನ್ನೂ ಡೆಸ್ಕೇ ಗತಿ. ಸ್ಟಾಫ್ ರೂಮಿನಲ್ಲಿ ಮೇಜಿನ ಅಡಿಯಿಂದ ಮಡಚುವ ಮಂಚಗಳು ಹೊರಬರುತ್ತವೆ. ಬೆಳಗ್ಗೆಯಿಂದ ಹುಡುಗರನ್ನು ನಡುಗಿಸಿದ ಫಿಸಿಕ್ಸ್ ಮೇಡಂ ಕಣ್ಣಿಗೆ ರೇಷ್ಮೆಯ ಪಟ್ಟಿ ಕಟ್ಟಿಕೊಂಡು ಎರಡು ನಿಮಿಷದಲ್ಲಿ ಸಣ್ಣಗೆ ಗೊರಕೆ ಹೊಡೆಯತೊಡಗುತ್ತಾರೆ. ಮೊದಮೊದಲು ನಾನೊಬ್ಬನೇ ನೋಟ್‌ಬುಕ್ಕಿನ ಹಾಳೆ ಮಗುಚಿದರೂ ಸದ್ದಾದೀತೆಂದು ಉಸಿರು ಹಿಡಿದು ಕೂತಿರುತ್ತಿದ್ದೆ. 'ಲಾವ್‌ಷಿ (ಮೇಷ್ಟ್ರೇ), ನೀವೂ ಮಲಗಿ' ಎಂದರು ಪಕ್ಕದ ಮೇಜಿನ ಹಿರಿಯ ಮೇಷ್ಟ್ರು. 'ಹಗಲು ನಿದ್ದೆ ನಮ್ಮಲ್ಲಿ ಸೋಮಾರಿಗಳ ಲಕ್ಷಣ' ಎಂದೆ. ಅವರು ಕನ್ನಡಕ ತೆಗೆದಿಟ್ಟು, 'ನಮ್ಮಲ್ಲಿ ಸಂವಿಧಾನದ ಲಕ್ಷಣ' ಎಂದು ಮಗ್ಗುಲಾದರು. ತಮಾಷೆಯೆಂದುಕೊಂಡಿದ್ದೆ. ಆಮೇಲೆ ನೋಡಿದರೆ ನಿಜಕ್ಕೂ 1982ರ ಸಂವಿಧಾನದ 43ನೇ ವಿಧಿ ದುಡಿಯುವವರಿಗೆ ವಿಶ್ರಾಂತಿಯ ಹಕ್ಕು ಕೊಟ್ಟಿದೆ. ಮಧ್ಯಾಹ್ನದ ಊಟ ಮುಗಿಸಿ ಎಂದು ಅದರಲ್ಲಿ ಬರೆದಿಲ್ಲ, ಅದು ಜನರ ಭಾಷ್ಯ.

ನಾನು ಇಲ್ಲಿ ಕಲಿಸುವುದು ಗಣಿತ. ವಿದೇಶಿ ಮೇಷ್ಟ್ರು ಎಂದರೆ ಇಂಗ್ಲಿಷ್ ಕಲಿಸುವವನು ಎಂದೇ ಎಲ್ಲರ ಎಣಿಕೆ. ಆದರೆ ಆ ಕೆಲಸದ ಪರವಾನಗಿಗೆ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳ ಪಾಸ್‌ಪೋರ್ಟ್ ಬೇಕು. ನಮ್ಮವರಿಗೆ ದಾರಿ ತೆರೆದಿರುವುದು ಹೊರದೇಶದ ಕಾಲೇಜುಗಳಿಗೆ ಮಕ್ಕಳನ್ನು ತಯಾರು ಮಾಡುವ ವಿಭಾಗಗಳಲ್ಲಿ, ಗಣಿತ, ವಿಜ್ಞಾನಗಳಿಗೆ. ಅದರಲ್ಲೂ ಭಾರತದ ಗಣಿತದ ಮೇಷ್ಟ್ರಿಗೆ ಇಲ್ಲೊಂದು ಪುಕ್ಕಟೆ ಕೀರ್ತಿ ಉಂಟು. ಚೀನೀ ಮಕ್ಕಳ ಮಗ್ಗಿ ಒಂಬತ್ತೊಂಬತ್ಲ ಎಂಬತ್ತೊಂದಕ್ಕೆ ನಿಲ್ಲುತ್ತದೆ. ಭಾರತದವರು ಹತ್ತೊಂಬತ್ತರವರೆಗೆ ಬಾಯಿಪಾಠ ಮಾಡುತ್ತಾರೆಂಬ ಸುದ್ದಿ ಇಲ್ಲಿ ಮನೆಮನೆಗೂ ಮುಟ್ಟಿದೆ. ಪಾಲಕರ ಸಭೆಯಲ್ಲಿ ಒಬ್ಬ ತಂದೆ ಮೆಲ್ಲಗೆ ಬಂದು, ದೇವರ ಪ್ರಸಾದ ಕೇಳುವಷ್ಟು ಭಕ್ತಿಯಿಂದ 'ಹದಿನೇಳು ಹದಿನೆಂಟು?' ಎಂದರು. ಮುನ್ನೂರಾ ಆರು ಎಂದೆ. ಅವರು ಫೋನಿನಲ್ಲಿ ಗುಣಿಸಿ ನೋಡಿ ಮಗನ ಬೆನ್ನು ತಟ್ಟಿದರು. ಹುಣಸೆ ಬರಲಿಗೆ ಹೆದರಿ ಕಲಿತ ಮಗ್ಗಿಗೆ ಈ ಮರ್ಯಾದೆ ಸಿಕ್ಕೀತೆಂದು ಯಾರು ಕಂಡಿದ್ದರು!

ನಿದ್ದೆಯ ವಿಷಯಕ್ಕೇ ಬರೋಣ. ಅದನ್ನು ಹೊಗಳುವ ಮುಂಚೆ ಅದರ ಲೆಕ್ಕ ನೋಡಬೇಕು. ಬೆಳಗ್ಗೆ ಏಳೂವರೆಗೆಲ್ಲ ಗಟ್ಟಿಯಾಗಿ ಓದುವ ಪೀರಿಯಡ್ ಶುರು. ಸಂಜೆ ಪಾಠ ಮುಗಿದರೆ ಮನೆಯಲ್ಲ. ಊಟ ಮಾಡಿ ಮತ್ತೆ ಅದೇ ಡೆಸ್ಕಿನಲ್ಲಿ ರಾತ್ರಿಯ ಓದು, ಒಂಬತ್ತೂವರೆಯವರೆಗೆ. ಆಮೇಲೆ ಹೋಂವರ್ಕ್. ಹೈಸ್ಕೂಲು ಮಕ್ಕಳು ದಿನಕ್ಕೆ ಎಂಟು ಗಂಟೆ ಮಲಗಬೇಕೆಂದು 2021ರಲ್ಲಿ ಶಿಕ್ಷಣ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ರಾತ್ರಿ ಆರೂವರೆ ಗಂಟೆ ಸಿಕ್ಕಿದರೆ ಅದೃಷ್ಟ ಎನ್ನುತ್ತಾರೆ ನನ್ನ ಕ್ಲಾಸಿನವರು. ಮಧ್ಯಾಹ್ನ ಡೆಸ್ಕಿನ ಮೇಲೆ ಬೀಳುವ ತಲೆಗಳನ್ನು ನೋಡಿ ಎಂಥ ಮಾನವೀಯ ಪದ್ಧತಿ ಎಂದು ಊರಿಗೆ ಬರೆದಿದ್ದ ನಾನೇ, ಆ ಮಕ್ಕಳು ರಾತ್ರಿ ಕಳೆದುಕೊಂಡದ್ದರಲ್ಲಿ ಅರ್ಧವನ್ನಷ್ಟೇ ಇಲ್ಲಿ ವಸೂಲಿ ಮಾಡುತ್ತಿದ್ದಾರೆ ಎಂದು ಈಗ ಬರೆಯುತ್ತಿದ್ದೇನೆ.

ಕಣ್ಣಿನ ಕಥೆಯೂ ಇದೇ. ದಿನಕ್ಕೆ ಎರಡು ಸಲ ಧ್ವನಿವರ್ಧಕದಲ್ಲಿ ಸಂಗೀತ ಬರುತ್ತದೆ, ಹೆಣ್ಣುದನಿಯೊಂದು ಒಂದು ಎರಡು ಮೂರು ಎಂದು ಎಣಿಸುತ್ತದೆ. ಮಕ್ಕಳು ಕಣ್ಣು ಮುಚ್ಚಿ ಹುಬ್ಬು, ಕಪೋಲ, ಮೂಗಿನ ಬುಡಗಳನ್ನು ಬೆರಳಿನಿಂದ ಒತ್ತಿಕೊಳ್ಳುತ್ತಾರೆ. 1963ರಿಂದ ನಡೆದುಬಂದ ಕಸರತ್ತು ಇದು. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ಅರ್ಧ ಸಮೀಕರಣದಲ್ಲಿ ನಿಂತ ಮೇಷ್ಟ್ರನ್ನು ಆ ದನಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುಗಿದ ಮೇಲೆ ಎಲ್ಲರೂ ಕನ್ನಡಕ ಹುಡುಕಿ ಹಾಕಿಕೊಳ್ಳುತ್ತಾರೆ. 2018ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೈಸ್ಕೂಲು ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ದೂರದ್ದು ಕಾಣದ ದೋಷವಿತ್ತು. ಬೆರಳು ಎಷ್ಟು ಒತ್ತಿದರೇನು, ಪುಸ್ತಕ ಮುಚ್ಚದಿದ್ದರೆ?

ಚಳಿಗಾಲದಲ್ಲಿ ಈ ನಿದ್ದೆ ಶೌರ್ಯದ ಕೆಲಸ. ಚಿನ್‌ಲಿಂಗ್ ಬೆಟ್ಟಸಾಲು, ಹ್ವಾಯ್ ನದಿ ಇವೆರಡನ್ನು ಸೇರಿಸಿ ಎಳೆದ ಒಂದು ಗೆರೆ ಇದೆ. ಅದರ ಉತ್ತರಕ್ಕಿರುವ ಊರುಗಳ ಮನೆಗಳಿಗೆ ನವೆಂಬರಿನಿಂದ ಮಾರ್ಚ್‌ವರೆಗೆ ಕೊಳವೆಯಲ್ಲಿ ಬಿಸಿ ಹರಿಸುತ್ತಾರೆ. ನಾನ್‌ಜಿಂಗ್ ಆ ಗೆರೆಯ ದಕ್ಷಿಣಕ್ಕಿದೆ, ಹಾಗಾಗಿ ಸರ್ಕಾರದ ಕಣ್ಣಿನಲ್ಲಿ ಬೆಚ್ಚನೆಯ ಊರು. ಜನವರಿ ರಾತ್ರಿ ಸೊನ್ನೆಗಿಳಿಯುವ ತಾಪಮಾನಕ್ಕೆ ಇದನ್ನು ಯಾರೂ ತಿಳಿಸಿಲ್ಲ. ಗಾಳಿ ಆಡಲೆಂದು ಕಿಟಕಿ ಬೇರೆ ತೆರೆದಿರುತ್ತಾರೆ. ದಪ್ಪ ಕೋಟಿನಲ್ಲೇ ಪಾಠ, ಕೋಟಿನಲ್ಲೇ ನಿದ್ದೆ. ನೆಗಡಿ ಅಂದಿರೋ, 'ಬಿಸಿನೀರು ಕುಡಿಯಿರಿ'. ಹೊಟ್ಟೆನೋವಿಗೂ ಅದೇ, ಮನಸ್ಸು ಸರಿಯಿಲ್ಲದಿದ್ದರೂ ಅದೇ. 1952ರ ಆರೋಗ್ಯ ಆಂದೋಲನದ ಕಾಲದಿಂದ ಕುದಿಸಿದ ನೀರಿನ ಪ್ರಚಾರ ನಡೆದು, ಈಗ ಮೊಮ್ಮಕ್ಕಳ ಕೈಯಲ್ಲೂ ಫ್ಲಾಸ್ಕ್ ಬಂದು ಕೂತಿದೆ. ನನ್ನ ಮೇಜಿನ ಮೇಲೂ ಒಂದಿದೆ.

ಅಮ್ಮನಿಗೆ ಫೋನು ಮಾಡಲು ನನಗೆ ಒದಗುವುದು ಈ ನಿದ್ದೆಯ ಹೊತ್ತೇ. ನಮ್ಮ ವಾಟ್ಸಾಪ್ ಇಲ್ಲಿ ನಡೆಯುವುದಿಲ್ಲ; ಇವರ ವೀಚಾಟನ್ನು 2020ರಲ್ಲಿ ನಮ್ಮವರು ನಿಷೇಧಿಸಿದರು. ಎರಡು ದೇಶಗಳೂ ಸೇರಿ ತಾಯಿ ಮಗನನ್ನು ಐಎಸ್‌ಡಿ ಕಾಲಕ್ಕೆ ವಾಪಸು ಕಳಿಸಿವೆ. ಎರಡೂವರೆ ಗಂಟೆ ವ್ಯತ್ಯಾಸ; ಅಲ್ಲಿ ಇನ್ನೂ ತಿಂಡಿಯ ಪಾತ್ರೆ ತೊಳೆಯುವ ಸಮಯ.

'ಯಾಕೋ ಇಷ್ಟು ಪಿಸುಗುಟ್ತೀಯ? ಯಾರಿಗಾದ್ರೂ ಹುಷಾರಿಲ್ವೇನೋ?'

'ಇಲ್ಲಮ್ಮ, ಊಟ ಮಾಡ್ಕೊಂಡು ಎಲ್ರೂ ಮಲಗಿದಾರೆ.'

'ಹತ್ತೂಕಾಲಿಗೇ ಊಟಾನ? ಇಸ್ಕೂಲಲ್ಲಿ ಮಲಗ್ತಾರಾ? ಸಂಬಳ ಸರಿಯಾಗಿ ಕೊಡ್ತಾರಾ ಮಗಾ?'

ಕೊಡುತ್ತಾರೆ. ಆದರೆ ರಜೆಯ ವಿಷಯದಲ್ಲಿ ಕಿಲಾಡಿಗಳು. ಅಕ್ಟೋಬರ್ 1ರ ರಾಷ್ಟ್ರೀಯ ದಿನಕ್ಕೆ ವಾರದ ರಜೆ ಎಂದು ಹಿಗ್ಗುವಷ್ಟರಲ್ಲಿ, ಅದರ ಹಿಂದೆ ಮುಂದೆ ಒಂದು ಶನಿವಾರವೋ ಭಾನುವಾರವೋ ಕೆಲಸ ಮಾಡಿ ಸರಿದೂಗಿಸಬೇಕೆಂಬ ಆದೇಶ ಬಂದಿರುತ್ತದೆ. ಆ ಭಾನುವಾರ ಶುಕ್ರವಾರದ ಟೈಮ್ ಟೇಬಲ್! ಯಾವ ಪಂಚಾಂಗದಲ್ಲೂ ಇಲ್ಲದ ವಾರ ಅದು. ಊಟದ ಪಾಡನ್ನು ಹೇಳುವುದೇ ಬೇಡ. ಕ್ಯಾಂಟೀನಿನವರಿಗೆ ಸೊಪ್ಪಿನ ಪಲ್ಯಕ್ಕೆ ಬಿದ್ದ ಹಂದಿಮಾಂಸದ ಚೂರು ಮಾಂಸವಲ್ಲ, ಒಗ್ಗರಣೆ. ಶನಿವಾರ ಜಿಮಿಂಗ್ ದೇವಸ್ಥಾನದ ಸಸ್ಯಾಹಾರಿ ನೂಡಲ್ಸ್ ಒಂದು ವಾರಕ್ಕಾಗುವಷ್ಟು ತಿಂದುಬರುತ್ತೇನೆ.

ಈ ಊರು ಎಲ್ಲ ಕೆಲಸ ಬಿಟ್ಟು ಒಟ್ಟಿಗೆ ನಿಲ್ಲುವ ಇನ್ನೊಂದು ಹೊತ್ತಿದೆ, ಅದು ನಿದ್ದೆಯದಲ್ಲ. 1937ರ ಡಿಸೆಂಬರ್ 13ರಂದು ಜಪಾನಿನ ಸೈನ್ಯ ನಾನ್‌ಜಿಂಗನ್ನು ಹಿಡಿದು ವಾರಗಟ್ಟಲೆ ನರಮೇಧ ನಡೆಸಿತು. 2014ರಿಂದ ಅದು ರಾಷ್ಟ್ರೀಯ ಸ್ಮರಣೆಯ ದಿನ. ಬೆಳಗ್ಗೆ ಹತ್ತರ ಸುಮಾರಿಗೆ ಸೈರನ್ ಕೂಗುತ್ತದೆ, ರಸ್ತೆಯಲ್ಲಿ ಕಾರುಗಳು ನಿಂತು ಹಾರ್ನ್ ಒತ್ತುತ್ತವೆ, ಮಕ್ಕಳು ಎದ್ದು ತಲೆ ತಗ್ಗಿಸುತ್ತಾರೆ. ಅವತ್ತು ಕೈಯಲ್ಲಿ ಡಸ್ಟರ್ ಹಿಡಿದು ನಾನೂ ನಿಂತೆ. ಸೈರನ್ ನಿಂತ ಮೇಲೆ ತ್ರಿಕೋನಮಿತಿ ಮುಂದುವರಿಯಿತು. ಮುಂದುವರಿಸದೆ ಮತ್ತೇನು ಮಾಡಬೇಕೆಂದು ನನಗೆ ತೋಚಲಿಲ್ಲ.

ಜೂನ್ 7ರಿಂದ ಕಾಲೇಜು ಪ್ರವೇಶದ ಮಹಾಪರೀಕ್ಷೆ. 2024ರಲ್ಲಿ ಅದಕ್ಕೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ. ಪರೀಕ್ಷಾ ಕೇಂದ್ರಗಳ ಸುತ್ತ ಕಟ್ಟಡ ಕಟ್ಟುವ ಸದ್ದೂ ನಿಲ್ಲುತ್ತದೆ. ಹೊರದೇಶಕ್ಕೆ ಹೊರಟ ನನ್ನ ಹುಡುಗರಿಗೆ ಆ ಪರೀಕ್ಷೆಯಿಲ್ಲ. ಅದರ ಹಿಂದಿನ ದಿನ ಎಲ್ಲರೂ ಹರಟೆಯ ಹುಮ್ಮಸ್ಸಿನಲ್ಲಿದ್ದರು. ಮುಂದಿನ ಬೆಂಚಿನ ಹುಡುಗಿ ಕೇಳಿದಳು:

'ಟೀಚರ್, ಇಂಡಿಯಾದಲ್ಲಿ ಮಕ್ಕಳು ಎಷ್ಟು ಹೊತ್ತಿಗೆ ಮಲಗ್ತಾರೆ? ಮಧ್ಯಾಹ್ನ?'

'ಮಲಗೋದಿಲ್ಲ. ನಾಲ್ಕು, ನಾಲ್ಕೂವರೆಗೆ ಶಾಲೆ ಬಿಡುತ್ತೆ, ಮನೆಗೆ ಹೋಗ್ತಾರೆ.'

ನಾಲ್ಕೂವರೆ! ಇಡೀ ಕ್ಲಾಸು ಹೊಟ್ಟೆಕಿಚ್ಚಿನಿಂದ ನರಳಿತು. ಹುಡುಗಿ ಬಿಡಲಿಲ್ಲ.

'ಮನೆಗೆ ಹೋಗಿ ಏನ್ ಮಾಡ್ತಾರೆ?'

ಆಟ ಆಡುತ್ತಾರೆ ಎನ್ನಲು ಬಾಯಿ ತೆರೆದೆ. ತಿಪಟೂರಿನ ಬೀದಿಗಳು ನೆನಪಾದವು. 'ಟ್ಯೂಷನ್‌ಗೆ ಹೋಗ್ತಾರೆ' ಎಂದೆ.

'ನಿಮ್ಮಲ್ಲಿ ಇನ್ನೂ ಮುಚ್ಚಿಸಿಲ್ವಾ?' ಎಂದು ಕಣ್ಣರಳಿಸಿದಳು. 2021ರಲ್ಲಿ ಇವರ ಸರ್ಕಾರ ಒಂಬತ್ತನೇ ತರಗತಿವರೆಗಿನ ಮಕ್ಕಳಿಗೆ ಶಾಲೆಯ ಪಾಠಗಳನ್ನು ಲಾಭಕ್ಕಾಗಿ ಹೇಳಿಕೊಡುವ ಟ್ಯೂಷನ್ ವ್ಯಾಪಾರವನ್ನು ನಿಲ್ಲಿಸಿತ್ತು.

'ಇಲ್ಲಮ್ಮ. ನಿಮ್ಮಲ್ಲಿ ಎಲ್ಲ ಮುಚ್ಚಿದೆಯಲ್ಲ?'

ಹಿಂದಿನ ಬೆಂಚಿನಿಂದ, ಮಲಗಿದ್ದಾನೆಂದು ನಾನು ಅಂದುಕೊಂಡಿದ್ದ ಹುಡುಗ ದಿಂಬಿನಿಂದ ತಲೆ ಎತ್ತದೆಯೇ ಉತ್ತರಿಸಿದ: 'ಬೋರ್ಡು ತೆಗೆದಿದಾರೆ ಟೀಚರ್. ನನ್ನ ತಮ್ಮ ಈಗ ಅದೇ ಮೇಷ್ಟ್ರ ಮನೆಗೆ ಹೋಗ್ತಾನೆ. ಫೀಸು ಮಾತ್ರ ಡಬಲ್ ಆಗಿದೆ.'