ಬಾಯಮ್ಮನ ಬುಟ್ಟಿ

2021ರ ಜನವರಿಯಲ್ಲಿ ಹಕ್ಕಿಜ್ವರ ಬಂದದ್ದು ಆಲಪ್ಪುಳ, ಕೋಟ್ಟಯಂ ಕಡೆಯ ಬಾತುಕೋಳಿಗಳಿಗೆ. ಕಾಸರಗೋಡಿನ ನಾವು ಆ ವಾರವೇ ಕೋಳಿ, ಮೊಟ್ಟೆ ಎರಡನ್ನೂ ಬಿಟ್ಟೆವು. 70 ಡಿಗ್ರಿಯಲ್ಲಿ ಚೆನ್ನಾಗಿ ಬೇಯಿಸಿದರೆ ವೈರಸ್ ಸಾಯುತ್ತದೆಂದು ನಮ್ಮ ಯುವಕೂಟದ ಬಿಎಸ್ಸಿಯವರಿಗೆಲ್ಲ ಗೊತ್ತಿತ್ತು. ಆದರೂ ಮನೆಯಲ್ಲಿ ಬಾಯಿಬಿಡಲಿಲ್ಲ.

ಭಾನುವಾರ ಪೂಜೆ ಮುಗಿಸಿ ಬರುವಾಗ ನಾಟಿ ಮೊಟ್ಟೆ ಮಾರುವ ಬಾಯಮ್ಮ ಸಿಕ್ಕಿದರು. ಬುಟ್ಟಿ ತುಂಬಿಯೇ ಇತ್ತು. ಆಲಪ್ಪುಳದಲ್ಲಿ ಕೊಂದ ದೊಡ್ಡ ಬಾತುಕೋಳಿಗೆ ಸರ್ಕಾರ 200 ರೂಪಾಯಿ, ಮರಿಗೆ 100, ನಾಶಮಾಡಿದ ಮೊಟ್ಟೆಗೆ 5 ರೂಪಾಯಿ ಪರಿಹಾರ ಘೋಷಿಸಿತ್ತು. ಇವರ ಕೋಳಿಗಳಿಗೆ ರೋಗವೇ ಇಲ್ಲ, ಹಾಗಾಗಿ ಪರಿಹಾರವೂ ಇಲ್ಲ. ಅವು ದಿನಾ ತಿನ್ನುತ್ತಿದ್ದವು, ದಿನಾ ಮೊಟ್ಟೆಯಿಡುತ್ತಿದ್ದವು.

“ನಿಮಗೂ ಬೇಡವಾ ಮಕ್ಕಳೇ?”

ಆರು ಜನ ಸೇರಿ ಬುಟ್ಟಿ ಖಾಲಿ ಮಾಡಿದೆವು. ಎರಡು ದಿನ ಮೊದಲು ಪೇಟೆಯಲ್ಲಿ ಅವರನ್ನು ಕಂಡೂ ಕಾಣದಂತೆ ದಾಟಿಹೋದದ್ದನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ.